ಮೈಕ್ ಮೇಷ್ಟ್ರ ಹೆಬ್ಬೆರಳು

“ಯಾರಾದ್ರೂ ಮಿತಿ ಮೀರಿ ಮಾತಾಡಿದ್ರೆ ಸ್ವಿಚ್ ಒತ್ತಿಬಿಡಿ. ನೀವಿದ್ದೀರಿ ಅಂತಲೇ ನಾನು ಈ ಕಾರ್ಯಕ್ರಮಕ್ಕೆ ಒಪ್ಪಿರೋದು,” ಎಂದು ಹೆಡ್ ಮೇಡಂ ಹೇಳಿದಾಗ ಮೈಕ್ ಮೇಷ್ಟ್ರು ಎದೆ ಸೆಟೆಸಿದರು.

“ಮಿತಿ ಅನ್ನೋದು ಈ ಹೆಬ್ಬೆರಳಲ್ಲೇ ಇದೆ ಮೇಡಂ. ನೀವು ನಿಶ್ಚಿಂತೆಯಿಂದಿರಿ.”

ಆ ಮೈಕಿನ ಮುಂದೆ ತಮ್ಮ ಮಗಳೇ ಬಂದು ನಿಲ್ಲುತ್ತಾಳೆಂದು ಆಗ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೆಬ್ಬೆರಳಿನ ಪರವಾಗಿ ಅಷ್ಟು ಧಾರಾಳವಾಗಿ ಮಾತು ಕೊಡುತ್ತಿರಲಿಲ್ಲ.

ಮೇಷ್ಟ್ರ ಪಾಠ ಭೂಗೋಳದ್ದು, ಪ್ರಾಣ ಮೈಕಿನದು. ಶಾಲೆಯ ಸಭಾಂಗಣದ ವೇದಿಕೆಯ ಎಡಮೂಲೆಯಲ್ಲಿ ಒಂದು ಪುಟ್ಟ ಮೇಜು, ಅದರ ಮೇಲೆ ಕಪ್ಪು ಬಣ್ಣದ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಕೆಂಪು ದೀಪ, ದೀಪದ ಪಕ್ಕ ಸ್ವಿಚ್ಚು. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಧೂಳು ಕೂತರೂ ಜವಾನ ಒರೆಸುವಂತಿಲ್ಲ. ಮೇಷ್ಟ್ರು ತಮ್ಮ ಸ್ವಂತ ಕರವಸ್ತ್ರದಿಂದ, ಮಗುವಿನ ಮೂಗು ಒರೆಸುವ ಹಾಗೆ ಒರೆಸುತ್ತಾರೆ. ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಮೈಕಿನ ತಲೆಗೆ ಎರಡು ಉಗುರಿನಿಂದ ಟಕಟಕ ಬಡಿಯುವುದು, ಆಮೇಲೆ “ಫೂ” ಎಂದು ಊದುವುದು, ಆಮೇಲೆ “ಹಿಂದಿನ ಸಾಲಿಗೆ ಕೇಳಿಸ್ತಿದೆಯಾ?” ಎನ್ನುವುದು. ಒಂದು ಸಲ ಯಾರೋ ಹೊಸ ಹುಡುಗ “ಇಲ್ಲ ಸಾರ್” ಎಂದುಬಿಟ್ಟಾಗ ಮೇಷ್ಟ್ರು ಆ ದಿನದ ಪ್ರಕಟಣೆಗಳನ್ನೆಲ್ಲ ಮೊದಲಿನಿಂದ ಮತ್ತೆ ಹೇಳಿದರು. ಅಂದಿನಿಂದ ಹಿಂದಿನ ಸಾಲು ಕೇಳಿಸಲಿ ಬಿಡಲಿ, “ಕೇಳಿಸ್ತಿದೆ ಸಾರ್” ಎಂದು ಒಕ್ಕೊರಲಿನಿಂದ ಕೂಗುತ್ತದೆ.

ಶಾಲೆಯಲ್ಲಿ ಯಾವ ಸಮಾರಂಭವಾದರೂ ನಿರೂಪಣೆ ಅವರದೇ. ಅದರಲ್ಲಿ ಅವರಿಗೆ ಎರಡು ಪದ್ಧತಿಗಳು. ವೇದಿಕೆಯ ಮೆಟ್ಟಿಲು ಹತ್ತುವ ಪ್ರತಿ ವಿದ್ಯಾರ್ಥಿಗೂ ಒಂದೊಂದು ನಗೆಚಟಾಕಿ: ದಪ್ಪಗಿದ್ದವನಿಗೆ “ಮೆಟ್ಟಿಲು ಮರದ್ದಪ್ಪಾ, ನಿಧಾನ”, ಗಿಡ್ಡಗಿದ್ದವಳಿಗೆ “ಮೈಕ್ ಇಳಿಸೋದೋ, ನಿನ್ನನ್ನ ಎತ್ತೋದೋ?” ಸಭೆ ಘೊಳ್ಳೆಂದು ನಗುತ್ತದೆ. ಮೇಷ್ಟ್ರು ಆ ನಗುವನ್ನು ಚಪ್ಪರಿಸುತ್ತ ಪೆಟ್ಟಿಗೆಯ ಬಳಿ ಹೋಗಿ ಸ್ವಿಚ್ಚಿನ ಮೇಲೆ ಹೆಬ್ಬೆರಳಿಟ್ಟು ನಿಲ್ಲುತ್ತಾರೆ. ಇದು ಎರಡನೆಯ ಪದ್ಧತಿ. ಮಾತು ಉದ್ದವಾದರೆ, ತಡವರಿಸಿದರೆ, ದಾರಿ ತಪ್ಪಿದರೆ ಟಕ್. ಕೆಂಪು ದೀಪ ಆರುತ್ತದೆ. ಮಾತಾಡುತ್ತಿದ್ದವನ ತುಟಿ ಗಾಜಿನ ತೊಟ್ಟಿಯ ಮೀನಿನಂತೆ ಆಡುತ್ತಿರುತ್ತದೆ. ಈ ಹೆಬ್ಬೆರಳಿನ ರುಚಿ ಒಮ್ಮೆಯೂ ನೋಡದ ಭಾಷಣಕಾರ ಆ ಶಾಲೆಯಲ್ಲಿ ಒಬ್ಬರೇ, ಸ್ವತಃ ಮೇಷ್ಟ್ರು.

ಮನೆಯಲ್ಲಿ ಮೂರು ಜನ, ಮಾತು ಒಬ್ಬರದೇ. ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ದಿನವಿಡೀ ಜನರ ಕೆಮ್ಮು, ಉಬ್ಬಸ, ಉರಿಮೂತ್ರಗಳ ವಿವರ ಕೇಳಿ ಮನೆಗೆ ಬಂದರೆ ಅಲ್ಲಿ ಗಂಡನ ವಿವರಗಳು. ಅವಳು ಎಲ್ಲಕ್ಕೂ “ಹೂಂ” ಎನ್ನುತ್ತಾಳೆ, ಊಟಕ್ಕೆ ಮುಂಚೆ ಒಂದು, ಊಟದ ಮೇಲೆ ಒಂದು. ಮಗಳು ಚಿಕ್ಕವಳಿದ್ದಾಗ ಚಿಲಿಪಿಲಿ ಅನ್ನುತ್ತಿದ್ದಳೆಂದು ಗುಬ್ಬಿ ಎಂದು ಕರೆದರು. ಈಗ ಹತ್ತನೇ ತರಗತಿ, ಚಿಲಿಪಿಲಿ ನಿಂತಿದೆ, ಹೆಸರು ಉಳಿದಿದೆ.

ಚಿಲಿಪಿಲಿ ನಿಂತದ್ದು ಯಾವಾಗ ಎಂದು ಮೇಷ್ಟ್ರನ್ನು ಕೇಳಿದರೆ “ದೊಡ್ಡವಳಾದಳಲ್ಲ, ಗಾಂಭೀರ್ಯ ಬಂತು” ಎಂದಾರು. ಅವಳ ತಾಯಿಯನ್ನು ಕೇಳಿದರೆ ಐದನೇ ತರಗತಿಯ ಭಾಷಣ ಸ್ಪರ್ಧೆಯ ಕಡೆ ಬೆರಳು ತೋರಿಸಿಯಾಳು. ಅಂದು ಗುಬ್ಬಿ ನೀರಿನ ಬಗ್ಗೆ ಮಾತಾಡುತ್ತ ನಡುವೆ ನಿಂತಳು. ಮರೆತಿರಲಿಲ್ಲ, ಮುಂದಿನ ಮಾತನ್ನು ಹುಡುಕುತ್ತಿದ್ದಳು, ಅಷ್ಟೇ. ಮಗಳ ಮಾನ ಉಳಿಸಬೇಕೆಂದು ಅಪ್ಪನ ಹೆಬ್ಬೆರಳು ಟಕ್ ಎಂದಿತು. ಮುಂದಿನ ಮಾತು ಅವಳಿಗೆ ಸಿಕ್ಕಿತ್ತು, ತುಟಿ ಆಡಿತ್ತು, ಯಾರಿಗೂ ಕೇಳಿಸಲಿಲ್ಲ. ಆಮೇಲೆ ಅವಳು ವೇದಿಕೆ ಹತ್ತಲಿಲ್ಲ.

ಈ ಸಲದ ಕಾರ್ಯಕ್ರಮ ಮಕ್ಕಳದೇ. ಶಾಲೆಯ ಆಪ್ತಸಮಾಲೋಚಕಿ, ಮಕ್ಕಳ ಬಾಯಲ್ಲಿ ಕೌನ್ಸೆಲರ್ ಅಕ್ಕ, ತನ್ನ ಕೋಣೆಯಲ್ಲಿ ಒಂದು ಗುಂಪು ಕಟ್ಟಿದ್ದಳು. ಹುಡುಗರನ್ನೇ ಇಷ್ಟಪಡುವ ಹುಡುಗರು, ಹುಡುಗಿಯರನ್ನೇ ಇಷ್ಟಪಡುವ ಹುಡುಗಿಯರು, ‘ಹುಟ್ಟಿದಾಗ ನನ್ನನ್ನು ಹುಡುಗ ಅಂದರು, ಆದರೆ ನಾನು ಹುಡುಗಿ’ ಎನ್ನುವವರು, ಇನ್ನೂ ತಿಳಿಯದೆ ಒದ್ದಾಡುವವರು, ಮತ್ತು ಇಂಥವರ ಜೊತೆ ನಿಲ್ಲುತ್ತೇವೆ ಎನ್ನುವ ಗೆಳೆಯರು. ಯಾರು ಯಾವ ಬಗೆ ಎಂದು ಅಲ್ಲಿ ಯಾರೂ ಕೇಳುವಂತಿರಲಿಲ್ಲ. ಹೋದ ವರ್ಷ ಒಬ್ಬ ಹುಡುಗ ಹೀಯಾಳಿಕೆ ತಾಳಲಾರದೆ ಶಾಲೆ ಬಿಟ್ಟ ಮೇಲೆ ಆ ಗುಂಪು ಒಂದು ಮೌನದ ದಿನ ಆಚರಿಸಬೇಕೆಂದು ಹೊರಟಿತು. ಮನಸ್ಸಿದ್ದವರು ಬೆಳಿಗ್ಗೆಯಿಂದ ಕೊನೆಯ ಪಿರಿಯಡ್‌ವರೆಗೆ ಮಾತಾಡುವುದಿಲ್ಲ. ಬಟ್ಟೆಗೆ ಒಂದು ಬ್ಯಾಡ್ಜು, ಅದರಲ್ಲಿ ತುಟಿಯ ಮೇಲೆ ಬೆರಳಿಟ್ಟ ಮುಖ, ಸುತ್ತ ಕಾಮನಬಿಲ್ಲಿನ ಅಂಚು. ಯಾರಾದರೂ ಯಾಕೆ ಎಂದರೆ ಕೊಡಲು ಒಂದು ಚೀಟಿ. ಪಾಠದಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬರೆದು ತೋರಿಸುತ್ತೇವೆಂದು ಪ್ರತಿ ಶಿಕ್ಷಕರ ಬಳಿಯೂ ಮುಂಚೆಯೇ ಹೋಗಿ ಅನುಮತಿ ಪಡೆದಿದ್ದರು. ಕೊನೆಯ ಪಿರಿಯಡ್‌ನಲ್ಲಿ ಎಲ್ಲರೂ ಸಭಾಂಗಣದಲ್ಲಿ ಸೇರಿ ಮೌನ ಮುರಿಯುವುದು. ಇಷ್ಟವಿದ್ದವರು ಮೈಕಿನ ಮುಂದೆ ಬಂದು ಮಾತಾಡುವುದು.

“ನಿಮ್ಮ ಬಗ್ಗೆ ಹೇಳಲೇಬೇಕು ಅಂತಿಲ್ಲ,” ಎಂದು ಅಕ್ಕ ಎಲ್ಲರಿಗೂ ಹೇಳಿದ್ದಳು. “ಬೇರೆಯವರ ಬಗ್ಗೆ ಅವರನ್ನ ಕೇಳದೆ ಹೇಳಲೇಬಾರದು.”

ಶಾಲಾ ಸಮಿತಿಯ ಅಧ್ಯಕ್ಷರು ನೆಲದ ಟೈಲ್ಸ್ ವ್ಯಾಪಾರಿ. ಶಾಲೆಯ ಕಾರಿಡಾರಿಗೂ ಸಭಾಂಗಣಕ್ಕೂ ಹಾಕಿದ ಜಾರುವ ಟೈಲ್ಸೂ ಅವರದೇ ಕೊಡುಗೆ. ಮೇಷ್ಟ್ರು ಮೈಕಿನಲ್ಲಿ ಅಧ್ಯಕ್ಷರ ಹೆಸರಿನ ಮುಂದೆ ಸೇರಿಸುವ ವಿಶೇಷಣಗಳೆಂದರೆ ಅಧ್ಯಕ್ಷರಿಗೆ ಪಂಚಪ್ರಾಣ. ಸುದ್ದಿ ತಿಳಿದು ಅವರೇ ಫೋನು ಮಾಡಿದರು.

“ಮೌನ ಒಳ್ಳೇದೇ ಮೇಷ್ಟ್ರೇ. ನಾನೂ ಮೌನಪ್ರಿಯ. ಆದ್ರೆ ಕೊನೇಲಿ ಏನೋ ಮಾತಾಡ್ತಾರಂತಲ್ಲ, ತಲೆನೋವು ಅದೇ. ಯಾವನಾದ್ರೂ ‘ನಾನು ಹಂಗೆ, ನಾನು ಹಿಂಗೆ’ ಅಂದ ತಕ್ಷಣ ಆರಿಸಿಬಿಡಿ. ಅಂಥದ್ದು ನಡೆದುಹೋದ್ರೆ ಆ ಗುಂಪನ್ನ ಅವತ್ತೇ ಮುಚ್ಚಿಸ್ತೀನಿ, ಆ ಕೌನ್ಸೆಲರ್ ಅಮ್ಮನೂ ಗಂಟುಮೂಟೆ ಕಟ್ಟಲಿ. ಅಂದ ಹಾಗೆ, ಉಪಮುಖ್ಯಸ್ಥರ ಕುರ್ಚಿ ಖಾಲಿ ಆಗ್ತಿದೆ. ನಾನು ನಿಮ್ಮನ್ನ ಮರೆತಿಲ್ಲ.”

ಸ್ಟಾಫ್ ರೂಮಿನಲ್ಲಿ ವ್ಯಾಯಾಮದ ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. “ಮೌನದ ದಿನಕ್ಕೆ ಉಸ್ತುವಾರಿ ನೀವಾ? ಕುರಿ ಕಾಯೋಕೆ ತೋಳನ್ನ ಬಿಟ್ಟಂಗಾಯ್ತು!”

“ಮೌನದ ಮಹತ್ವದ ಮೇಲೆ ನಾನೊಂದು ಪ್ರಾಸ್ತಾವಿಕ ಭಾಷಣ ಸಿದ್ಧ ಮಾಡಿದೀನಿ,” ಎಂದರು ಮೈಕ್ ಮೇಷ್ಟ್ರು.

“ಎಷ್ಟುದ್ದ?”

“ಸಂಕ್ಷಿಪ್ತವಾಗೇ ಇದೆ. ಒಂದು ಪಿರಿಯಡ್ ಸಾಕು.”

ಆ ದಿನ ಬೆಳಿಗ್ಗೆ ತಿಂಡಿಯ ಮೇಜಿನ ಮುಂದೆ ಮೇಷ್ಟ್ರು ಆ ಪ್ರಾಸ್ತಾವಿಕವನ್ನು ಹೆಂಡತಿ ಮಗಳ ಮುಂದೆ ಓದಿ ನೋಡಿದರು. ಗುಬ್ಬಿ ಏನೂ ಹೇಳಲಿಲ್ಲ. ತಟ್ಟೆ ತೊಳೆದಿಟ್ಟು ಹೊರಟಳು. ಮನೆಯಲ್ಲಿ ಮೌನದ ದಿನ ಆಗಲೇ ಶುರುವಾಗಿತ್ತು. ಮೇಷ್ಟ್ರಿಗೆ ವ್ಯತ್ಯಾಸ ತಿಳಿಯಲಿಲ್ಲ.

ತಿಳಿದದ್ದು ಎರಡನೇ ಪಿರಿಯಡ್‌ನಲ್ಲಿ. ಹತ್ತನೇ ತರಗತಿಗೆ ಭೂಪಟ ತೂಗುಹಾಕಿ ತಿರುಗಿದಾಗ ಅಲ್ಲಲ್ಲಿ ಬ್ಯಾಡ್ಜುಗಳು ಕಂಡವು. ಮೂರನೇ ಬೆಂಚಿನಲ್ಲಿ, ಕಿಟಕಿಯ ಪಕ್ಕ, ಗುಬ್ಬಿಯ ಎದೆಯ ಮೇಲೂ ಒಂದು. ಮೇಷ್ಟ್ರ ಕೈಯ ಕೋಲು ಭೂಪಟದ ಮೇಲೆ ಜಾರಿ, ಮರುಭೂಮಿಯಿಂದ ನೇರ ಸಾಗರಕ್ಕೆ ಬಿತ್ತು.

ಅಷ್ಟು ಹೊತ್ತೂ ಅವರ ತಲೆಯಲ್ಲಿ ಆ ಗುಂಪೆಂದರೆ ಬೇರೆ ಮನೆಯ ಮಕ್ಕಳು. ಬೇರೆ ಮನೆಯ ಮಕ್ಕಳ ಬಗ್ಗೆ ಮೇಷ್ಟ್ರದು ಬಹಳ ವಿಶಾಲ ಹೃದಯ.

ಪಿರಿಯಡ್ ಮುಗಿದ ಕೂಡಲೆ ಕಾರಿಡಾರಿನ ತಿರುವಿನಲ್ಲಿ ಅವಳನ್ನು ಅಡ್ಡಗಟ್ಟಿದರು.

“ಗುಬ್ಬೀ, ಏನಿದು?”

ಅವಳು ಜೇಬಿನಿಂದ ಚೀಟಿ ತೆಗೆದು ಕೊಟ್ಟಳು. ‘ಇಂದು ನಾನು ಮಾತಾಡುವುದಿಲ್ಲ. ಹೀಯಾಳಿಕೆಗೆ ಹೆದರಿ ತಮ್ಮ ಬಗ್ಗೆ ಮಾತಾಡಲಾಗದ ಗೆಳೆಯರಿಗಾಗಿ ಈ ಮೌನ. ಕೊನೆಯ ಪಿರಿಯಡ್‌ನಲ್ಲಿ ಸಭಾಂಗಣಕ್ಕೆ ಬನ್ನಿ. ಕೇಳಿ.’

“ಇದು ನನಗೆ ಗೊತ್ತಿಲ್ವಾ? ಉಸ್ತುವಾರಿ ನಾನೇ ಅಲ್ವಾ?” ದನಿ ತಗ್ಗಿಸಲು ನೋಡಿದರು. ಅಭ್ಯಾಸವಿರಲಿಲ್ಲ, ಇಬ್ಬರು ಹುಡುಗಿಯರು ತಿರುಗಿ ನೋಡಿದರು. “ನೀನು ಬೆಂಬಲಕ್ಕೆ ತಾನೇ ಇರೋದು? ಗೆಳತೀರು ಹೇಳಿದ್ರು ಅಂತ? ಅಷ್ಟೇ ತಾನೇ?”

ಗುಬ್ಬಿ ನೋಡಿದಳು.

“ಮಾತಾಡಬೇಡ ಬಿಡು. ತಲೆಯಾದ್ರೂ ಆಡಿಸು. ಹೌದು ಅಂತಲಾದ್ರೂ, ಅಲ್ಲ ಅಂತಲಾದ್ರೂ.”

ಅವಳ ತಲೆ ಆಡಲಿಲ್ಲ. ಕಣ್ಣು ಕದಲಲಿಲ್ಲ. ಮೇಷ್ಟ್ರು ಇಷ್ಟು ವರ್ಷ ಮಗಳ ಮುಖವನ್ನು ಮಾತಾಡುತ್ತಲೇ ನೋಡಿದ್ದರು. ಸುಮ್ಮನಿದ್ದು ನೋಡಿದ್ದು ಇದೇ ಮೊದಲು. ಅದರಲ್ಲಿ ಏನು ಬರೆದಿದೆ ಎಂದು ಓದಲು ಅವರಿಗೆ ಬರಲಿಲ್ಲ. ಗಂಟೆ ಹೊಡೆಯಿತು. ಅವಳು ಹೋದಳು.

ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಮೇಷ್ಟ್ರು ಉಪಕರಣಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೆಂಡತಿಗೆ ಫೋನು ಮಾಡಿದರು.

“ನಿನ್ನ ಮಗಳು ಬ್ಯಾಡ್ಜ್ ಹಾಕ್ಕೊಂಡಿದ್ದಾಳೆ.”

“ಗೊತ್ತು.”

“ಗೊತ್ತಾ! ಯಾಕೆ ಅಂತಲೂ ಗೊತ್ತಾ?”

ಆ ಕಡೆ ಯಾರಿಗೋ “ಇದು ರಾತ್ರಿ ಮಾತ್ರ, ಊಟ ಆದ್ಮೇಲೆ” ಎನ್ನುವುದು ಕೇಳಿಸಿತು. ಆಮೇಲೆ, “ಅವಳನ್ನೇ ಕೇಳಿ.”

“ಕೇಳಿದೆ ಕಣೇ! ಅವಳು ಮಾತಾಡ್ತಾ ಇಲ್ಲ!”

“ಇವತ್ತು ಮಾತ್ರಾನಾ?” ಎಂದಳು ಹೆಂಡತಿ.

ಮೇಷ್ಟ್ರು ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿದರು.

“ರೀ,” ಎಂದಳು ಅವಳು ಮೆಲ್ಲಗೆ. “ಸಂಜೆ ನೀವು ಆ ಡಬ್ಬದ ಹತ್ರ ನಿಂತಿರ್ತೀರಂತೆ. ಸ್ವಲ್ಪ ನೋಡ್ಕೊಂಡು ನಿಲ್ಲಿ.” ಫೋನು ಇಟ್ಟಳು.

ಕೊನೆಯ ಪಿರಿಯಡ್‌ಗೆ ಸಭಾಂಗಣ ತುಂಬಿತು. ಮೊದಲ ಸಾಲಿನ ಕುರ್ಚಿಗಳಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಹೆಡ್ ಮೇಡಂ, ಗೋಡೆಗೆ ಒರಗಿ ಕೌನ್ಸೆಲರ್ ಅಕ್ಕ, ಎರಡು ಕೈಯನ್ನೂ ಬಿಗಿಯಾಗಿ ಕಟ್ಟಿಕೊಂಡು. ವೇದಿಕೆಯ ಬುಡದಲ್ಲಿ ಒಂದು ಉದ್ದ ಬೆಂಚು. ಮಾತಾಡುವ ಮನಸ್ಸಿದ್ದವರು ಬಂದು ಅಲ್ಲಿ ಕೂರಬೇಕು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಬಂದು ಕೂತಳು. ಇನ್ನಿಬ್ಬರು ಬಂದರು. ಮೇಷ್ಟ್ರ ಉಸಿರು ಸ್ವಲ್ಪ ಸಡಿಲವಾಯಿತು. ಆಗ ಮೂರನೇ ಸಾಲಿನಿಂದ ಗುಬ್ಬಿ ಎದ್ದಳು. ಯಾರನ್ನೂ ನೋಡದೆ ನಡೆದು ಬಂದು ಬೆಂಚಿನ ಅಂಚಿನಲ್ಲಿ ಕೂತಳು.

ಮೇಷ್ಟ್ರು ಮೈಕಿಗೆ ಟಕಟಕ ಬಡಿದರು. “ಫೂ” ಎಂದರು. ಹಿಂದಿನ ಸಾಲನ್ನು ಕೇಳುವುದು ಮರೆತುಹೋಯಿತು. ಕೇಳದಿದ್ದರೂ ಹಿಂದಿನ ಸಾಲು “ಕೇಳಿಸ್ತಿದೆ ಸಾರ್” ಎಂದಿತು. ಜೇಬಿನಲ್ಲಿದ್ದ ಪ್ರಾಸ್ತಾವಿಕದ ಹಾಳೆಗಳನ್ನು ಒಮ್ಮೆ ಮುಟ್ಟಿಕೊಂಡರು. ಪೂರ್ತಿ ಓದಿದರೆ ಪಿರಿಯಡ್ ಮುಗಿಯುತ್ತದೆ, ಯಾರೂ ಮಾತಾಡುವ ಪ್ರಮೇಯವೇ ಬರುವುದಿಲ್ಲ. ಎಲ್ಲವೂ ಅಲ್ಲಿಗೇ ಸುಸೂತ್ರ. ಎಂಥ ಸುಲಭದ ದಾರಿ! ಬಾಯಿ ತೆರೆದರು. ಬೆಂಚಿನ ಅಂಚಿನಿಂದ ಗುಬ್ಬಿ ಅವರನ್ನೇ ನೋಡುತ್ತಿದ್ದಳು. ಅಪ್ಪ ಏನು ಮಾಡುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿರುವ ಹಾಗಿತ್ತು ಆ ನೋಟ. ಈ ದಿನ ಮಗಳ ಮುಖದಲ್ಲಿ ಅವರಿಗೆ ಓದಲು ಬಂದ ಒಂದೇ ಒಂದು ಸಾಲು ಅದು.

“ಮೊದಲನೆಯವರು ಬನ್ನಿ,” ಎಂದುಬಿಟ್ಟರು.

ಅಧ್ಯಕ್ಷರು ತಮ್ಮ ವಿಶೇಷಣಗಳಿಗಾಗಿ ಕಾದು, ಅವು ಬಾರದೆ, ಕುರ್ಚಿಯಲ್ಲಿ ಜರುಗಿ ಕೂತರು.

ಒಂಬತ್ತನೇ ತರಗತಿಯ ಹುಡುಗಿ ಪಟಪಟನೆ ಮಾತಾಡಿದಳು. “ನಾನು ಬೆಂಬಲಕ್ಕೆ ಅಂತ ಸುಮ್ಮನಿದ್ದೆ. ಪೆನ್ಸಿಲ್ ಕೇಳೋಕೂ ಆಗ್ಲಿಲ್ಲ, ಒಬ್ಬ ನನ್ನ ಜಡೆ ಎಳೆದ, ಬೈಯ್ಯೋಕೂ ಆಗ್ಲಿಲ್ಲ. ನಂಗೆ ಒಂದಿನಕ್ಕೇ ಹುಚ್ಚು ಹಿಡಿದಂಗಾಯ್ತು. ಕೆಲವರು ದಿನಾ ಹಿಂಗೇ ಇರ್ತಾರಂತೆ. ನಾಳೆಯಿಂದ ಅವರನ್ನ ಯಾರಾದ್ರೂ ಅಣಕಿಸಿದ್ರೆ ನಾನು ಸುಮ್ಮನಿರಲ್ಲ. ಜಡೆ ಎಳೆದವನೂ ಕೇಳಿಸ್ಕೊಳ್ಳಲಿ.” ಸಭೆ ನಕ್ಕಿತು, ಚಪ್ಪಾಳೆ ಹೊಡೆಯಿತು. ಅಧ್ಯಕ್ಷರೂ ಎರಡು ಬೆರಳಲ್ಲಿ ತಟ್ಟಿದರು. ಇಷ್ಟೇ ಆದರೆ ಪರವಾಗಿಲ್ಲ ಎಂಬಂತೆ ಮೇಷ್ಟ್ರ ಕಡೆ ತಲೆದೂಗಿದರು.

ಗುಬ್ಬಿ ಎದ್ದಳು.

ಮೆಟ್ಟಿಲು ಹತ್ತುವಾಗ ಇಡೀ ಸಭೆ ವಾಡಿಕೆಯಂತೆ ನಗೆಚಟಾಕಿಗಾಗಿ ಕಿವಿ ನಿಮಿರಿಸಿತು. ಮೇಷ್ಟ್ರು ಪೆಟ್ಟಿಗೆಯ ಬಳಿ ನಿಂತಿದ್ದರು, ಹೆಬ್ಬೆರಳು ಸ್ವಿಚ್ಚಿನ ಮೇಲೆ. ಚಟಾಕಿ ಬರಲಿಲ್ಲ. ಅವಳು ಮೈಕನ್ನು ತನ್ನ ಎತ್ತರಕ್ಕೆ ಏರಿಸಿಕೊಂಡಳು.

“ನಮಸ್ಕಾರ,” ಎಂದಳು.

ಆ ದನಿ ಪೆಟ್ಟಿಗೆಯಿಂದ ಹೊರಟು ನಾಲ್ಕೂ ಗೋಡೆಗೆ ಬಡಿದಾಗ ಮೇಷ್ಟ್ರು ಬೆಚ್ಚಿದರು. ಅವರ ಮನಸ್ಸಿನಲ್ಲಿದ್ದದ್ದು ಐದನೇ ತರಗತಿಯ ಕೀಚಲು ದನಿ. ಇದು ತುಂಬಿದ ದನಿ, ದೊಡ್ಡವಳ ದನಿ. ಯಾವಾಗ ಬದಲಾಯಿತೋ!

“ಹೋದ ವರ್ಷ ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ. ಅವನ ಬಗ್ಗೆ ಹೇಳ್ಲಾ ಅಂತ ಅವನನ್ನ ಕೇಳಿದೆ. ಹೆಸರು ಬೇಡ, ಹೇಳು ಅಂದ. ಅವನು ಹಾಡ್ತಿದ್ದ. ಅವನ ದನಿ ಸ್ವಲ್ಪ ಸಣ್ಣ. ಶಾಲೆಯ ವಾರ್ಷಿಕೋತ್ಸವದ ದಿನ ಅವನು ಇದೇ ಮೆಟ್ಟಿಲು ಹತ್ತುವಾಗ ಮೈಕಲ್ಲಿ ಒಂದು ಜೋಕ್ ಬಂತು. ‘ಗಾಯಕಿಯರ ಸಾಲು ಆ ಕಡೆ ಕಣಮ್ಮಾ’ ಅಂತ.”

ಕೆಲವರು ಆ ಹಳೆಯ ಜೋಕಿಗೆ ಈಗಲೂ ಕಿಸಕ್ಕೆಂದರು. ಕೂಡಲೇ ಬಾಯಿ ಮುಚ್ಚಿಕೊಂಡರು. ಮೇಷ್ಟ್ರಿಗೂ ಅದು ನೆನಪಿತ್ತು. ಆ ಸಂಜೆಯ ಅತ್ಯಂತ ದೊಡ್ಡ ನಗು ಅದಕ್ಕೇ ಬಿದ್ದದ್ದು. ಮನೆಗೆ ಹೋಗಿ ಹೆಂಡತಿಗೂ ಹೇಳಿದ್ದರು. ಅವಳು ಅಂದು “ಹೂಂ” ಕೂಡ ಅನ್ನಲಿಲ್ಲ ಎಂಬುದು ಈಗ ನೆನಪಾಯಿತು.

“ಅವನು ಆ ದಿನ ಹಾಡಿದ. ಆಮೇಲೆ ಹಾಡಲೇ ಇಲ್ಲ. ಮಾರನೇ ದಿನದಿಂದ ಕ್ಲಾಸಲ್ಲಿ ಅವನಿಗೆ ಹೆಸರು ಹೋಗಿ ‘ಗಾಯಕಿ’ ಅಂತಲೇ ಆಯ್ತು. ಮೊದಲು ಪ್ರಶ್ನೆಗೆ ಉತ್ತರ ಹೇಳೋದು ಬಿಟ್ಟ. ಆಮೇಲೆ ಮಾತಾಡೋದು ಬಿಟ್ಟ. ಟಾಯ್ಲೆಟ್ಟಿಗೆ ಹೋಗೋಕೂ ಹೆದರಿ ನೀರು ಕುಡಿಯೋದು ಬಿಟ್ಟ. ಕೊನೇಲಿ ಶಾಲೆ ಬಿಟ್ಟ.”

ಅಧ್ಯಕ್ಷರು ಮೇಷ್ಟ್ರ ಕಡೆ ತಿರುಗಿ ಅಂಗೈಯನ್ನು ಮೆಲ್ಲಗೆ ಕೆಳಗೆ ಒತ್ತಿ ತೋರಿಸಿದರು. ಸಾಕು ಎನ್ನುವ ಸನ್ನೆ. ಹೆಡ್ ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ಏನನ್ನೂ ನೋಡದಿರುವುದಕ್ಕೆ ಅವರಲ್ಲಿದ್ದ ಉಪಾಯ ಅದು.

“ಆ ಜೋಕಿಗೆ ಎಲ್ರೂ ನಕ್ರು,” ಎಂದಳು ಗುಬ್ಬಿ. “ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಯಾಕಂದ್ರೆ...”

ನಿಂತಳು.

ಪೆಟ್ಟಿಗೆಯ ಗುಂಯ್‌ಗುಡುವಿಕೆ ಒಂದೇ ಕೇಳಿಸುತ್ತಿತ್ತು. ಗುಬ್ಬಿಯ ಎರಡು ಕೈಯೂ ಮೈಕಿನ ಕಂಬಿಯನ್ನು ಹಿಡಿದಿದ್ದವು. ಮುಂದಿನ ಮಾತನ್ನು ಅವಳು ಹುಡುಕುತ್ತಿರಲಿಲ್ಲ. ಅದು ಸಿಕ್ಕಿತ್ತು, ಗಂಟಲಿನವರೆಗೆ ಬಂದಿತ್ತು. ಮೇಷ್ಟ್ರಿಗೂ ಅದು ಏನೆಂದು ಈಗ ತಿಳಿದಿತ್ತು. ಬೆಳಿಗ್ಗೆ ಕಾರಿಡಾರಿನಲ್ಲಿ ಆಡದೆ ಹೋದ ತಲೆಯೇ ಹೇಳಿತ್ತು. ಅವರು ಕೇಳಿಸಿಕೊಂಡಿರಲಿಲ್ಲ, ಅಷ್ಟೇ.

ಅಧ್ಯಕ್ಷರು ಗಟ್ಟಿಯಾಗೇ ಹೇಳಿದರು. “ಮುಗೀತಲ್ಲ ಮೇಷ್ಟ್ರೇ, ಆರಿಸಿ.”

ಒತ್ತಿದರೆ ಎಲ್ಲ ಮುಗಿಯುತ್ತದೆ. ಯಾರಿಗೂ ಏನೂ ಕೇಳಿಸಿರುವುದಿಲ್ಲ. ಗುಂಪು ಉಳಿಯುತ್ತದೆ, ಕೌನ್ಸೆಲರ್ ಅಕ್ಕನ ಕೆಲಸ ಉಳಿಯುತ್ತದೆ, ಕುರ್ಚಿ ಬರುತ್ತದೆ, ಮಗಳ ಬೆನ್ನ ಹಿಂದೆ ಯಾರೂ ಏನೂ ಆಡಿಕೊಳ್ಳುವುದಿಲ್ಲ. ಅವಳನ್ನು ಉಳಿಸಲಿಕ್ಕೇ ತಾನೆ ಒತ್ತುವುದು? ಹೆಬ್ಬೆರಳು ಸ್ವಿಚ್ಚನ್ನು ಅರ್ಧಕ್ಕೆ ಅದುಮಿತು. ಕೆಂಪು ದೀಪ ಒಮ್ಮೆ ಮಿಣುಕಿತು. ಗುಬ್ಬಿ ಅಪ್ಪನ ಕಡೆ ತಿರುಗಲಿಲ್ಲ, ಆದರೆ ಅವಳ ಭುಜ ಮೇಲೆದ್ದು ಬಿಗಿಯಾಯಿತು. ಏಟು ಬೀಳುತ್ತದೆಂದು ಗೊತ್ತಿದ್ದವರ ಭುಜ ಹಾಗೆ ಏಳುತ್ತದೆ. ಮಗಳ ಮೇಲೆ ಜೀವಮಾನದಲ್ಲಿ ಕೈ ಎತ್ತದ ಮನುಷ್ಯ ಮೇಷ್ಟ್ರು. ಆ ಭುಜ ಅವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

“ಮೇಷ್ಟ್ರೇ! ಕೇಳಿಸ್ತಾ?” ಅಧ್ಯಕ್ಷರು ಎದ್ದು ನಿಂತು ಮೆಟ್ಟಿಲಿನ ಕಡೆ ಎರಡು ಹೆಜ್ಜೆ ಇಟ್ಟರು.

ಜೀವನದಲ್ಲಿ ಯಾವ ಪ್ರಶ್ನೆಗೂ ಉತ್ತರ ಕೊಡದೆ ಬಿಟ್ಟವರಲ್ಲ ಮೇಷ್ಟ್ರು. ಕೇಳದ ಪ್ರಶ್ನೆಗಳಿಗೂ ಕೊಟ್ಟವರು. ಈಗ ಅವರು ಪೆಟ್ಟಿಗೆಯಿಂದ ಕೈ ತೆಗೆದರು, ಹೆಬ್ಬೆರಳಿನ ಸಮೇತ. ಆ ಕೈಯ ತೋರುಬೆರಳನ್ನು ತಮ್ಮ ತುಟಿಯ ಮೇಲಿಟ್ಟು, ಹಿಂದಿನ ಬೆಂಚಿನ ಗಲಾಟೆ ಹುಡುಗರಿಗೆ ತೋರಿಸುವ ಹಾಗೆ, ಶಾಲಾ ಸಮಿತಿಯ ಘನ ಅಧ್ಯಕ್ಷರಿಗೆ ತೋರಿಸಿದರು.

ಅಧ್ಯಕ್ಷರು ನಿಂತಲ್ಲೇ ನಿಂತರು. ಬೆರಳನ್ನು ಕಂಡ ಅಭ್ಯಾಸಬಲದಿಂದ ಹಿಂದಿನ ಬೆಂಚಿನವರೂ ನೆಟ್ಟಗೆ ಕೂತರು.

“ಯಾಕಂದ್ರೆ ನಾನೂ ಅಂಥವಳೇ ಅಂತ ಯಾರಿಗೂ ಅನುಮಾನ ಬರಬಾರದಿತ್ತು,” ಎಂದಳು ಗುಬ್ಬಿ. “ನನಗೆ ಹುಡುಗೀರು ಇಷ್ಟ ಆಗ್ತಾರೆ. ಬಹಳ ದಿನದಿಂದ ಗೊತ್ತು. ಅಮ್ಮನಿಗೆ ಹೇಳಿದೀನಿ. ಅಪ್ಪನಿಗೆ ಹೇಳೋಕೆ ಆಗಿರ್ಲಿಲ್ಲ. ಮನೇಲಿ ನನ್ನ ಸರದಿ ಬರಲೇ ಇಲ್ಲ.”

ಯಾರೋ ನಕ್ಕರು. ಇನ್ನೂ ಕೆಲವರು ನಕ್ಕರು. ಮೇಷ್ಟ್ರನ್ನು ಬಲ್ಲವರಿಗೆ ನಗದಿರಲು ಆಗುವ ಮಾತಲ್ಲ ಅದು. ಗುಬ್ಬಿಯ ತುಟಿಯೂ ಒಂದಿಷ್ಟು ಸಡಿಲವಾಯಿತು.

“ಈಗ ಹೇಳಿದೆ. ಅವರು ಅಲ್ಲೇ ನಿಂತಿದ್ದಾರೆ. ಇಷ್ಟೇ.”

ಸಭೆಯ ಅಷ್ಟೂ ತಲೆಗಳು ಎಡಮೂಲೆಯ ಕಡೆ ಹೊರಳಿದವು. ಅಧ್ಯಕ್ಷರು ಹೆಡ್ ಮೇಡಂ ಕಿವಿಯಲ್ಲಿ ಏನೋ ಹೇಳಿ, ತಮ್ಮದೇ ಟೈಲ್ಸಿನ ಮೇಲೆ ಟಕಟಕ ನಡೆದು ಹೊರಟುಹೋದರು. ಬಾಗಿಲ ಬಳಿ ಒಮ್ಮೆ ಜಾರಿದರು. ಯಾರೂ ನಗಲಿಲ್ಲ, ಯಾರೂ ಅತ್ತ ನೋಡುತ್ತಿರಲಿಲ್ಲ.

ಮೇಷ್ಟ್ರು ವೇದಿಕೆಯ ನಡುವಿಗೆ ನಡೆದರು. ಗುಬ್ಬಿ ಮೈಕು ಬಿಟ್ಟು ಹಿಂದೆ ಸರಿದಳು, ಈಗ ಶುರುವಾಗುತ್ತದೆ ಎಂಬಂತೆ. ಅವರು ಉಗುರಿನಿಂದ ಟಕಟಕ ಬಡಿದರು. ಗಂಟಲು ಸರಿಮಾಡಿಕೊಂಡರು. ಹೇಳಲು ರಾಶಿ ಇತ್ತು: ಸಮಾಜ, ಕಾಲ, ತಂದೆಯ ಹೃದಯ, ಒಂದೊಂದಕ್ಕೂ ಒಂದೊಂದು ಉಪಮೆ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿತ್ತು.

“ಆ ಜೋಕ್ ಮಾಡಿದ್ದು ನಾನು,” ಎಂದರು. “ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.”

ಆಮೇಲೆ ಮೈಕನ್ನು ಬೆಂಚಿನ ಕಡೆ ತಿರುಗಿಸಿದರು.

“ಮುಂದಿನವರು ಬನ್ನಿ.”

ಯಾರೂ ಏಳಲಿಲ್ಲ. ಮೇಷ್ಟ್ರು ಮೂಲೆಗೆ ಹಿಂದಿರುಗಿ, ಪೆಟ್ಟಿಗೆಯಿಂದ ಒಂದು ಮಾರು ದೂರದಲ್ಲಿ, ಕೈ ಹಿಂದೆ ಕಟ್ಟಿ ನಿಂತರು. ಕಾದರು. ಬಹಳ ಹೊತ್ತಿನ ಮೇಲೆ ಬೆಂಚಿನ ಮೇಲಿದ್ದ ಉಳಿದಿಬ್ಬರಲ್ಲಿ ಒಬ್ಬ ಎದ್ದ. ಅವನ ಹಿಂದೆ, ಬೆಂಚಿನಲ್ಲಿ ಇಲ್ಲದಿದ್ದ ಇನ್ನೊಬ್ಬಳೂ ಎದ್ದಳು.

ಶಾಲೆ ಬಿಟ್ಟಾಗ ಗೇಟಿನ ಬಳಿ ಗುಂಪುಗುಂಪಾಗಿ ನಿಂತವರು ಅಪ್ಪ ಮಗಳಿಬ್ಬರನ್ನು ಕಂಡು ಮಾತು ನಿಲ್ಲಿಸಿದರು, ದಾಟಿದ ಮೇಲೆ ಮತ್ತೆ ಶುರು ಮಾಡಿದರು. ಕೌನ್ಸೆಲರ್ ಅಕ್ಕ ಓಡಿ ಬಂದು, “ಸರ್, ನಾಳೆ ಬೆಳಿಗ್ಗೆ ಸಮಿತಿಯ ಸಭೆಯಂತೆ. ನಿಮ್ಮನ್ನೂ ಕರೆದಿದ್ದಾರೆ,” ಎಂದಳು. “ಬರ್ತೀನಮ್ಮ. ಅಲ್ಲಿ ನಾನು ಮಾತಾಡ್ತೀನಿ,” ಎಂದರು ಮೇಷ್ಟ್ರು. ಅವರ ಮಾತಿನ ಉದ್ದ ಬಲ್ಲ ಅವಳಿಗೆ ಮೊದಲ ಸಲ ಅದರಿಂದ ಧೈರ್ಯ ಬಂದಿರಬೇಕು; ಮುಖದಲ್ಲಿ ನಗು ಸುಳಿಯಿತು.

ರಸ್ತೆಯಲ್ಲಿ ಅಪ್ಪ ಮಗಳು ಪಕ್ಕಪಕ್ಕ ನಡೆದರು. ಮೇಷ್ಟ್ರು ಸೀನು ತಡೆದವರ ಹಾಗೆ ಮಾತು ತಡೆದಿದ್ದರು. ಸೈಕಲ್ ರಿಪೇರಿ ಅಂಗಡಿ ದಾಟಿತು, ಇಸ್ತ್ರಿ ಅಂಗಡಿ ದಾಟಿತು.

“ಅಪ್ಪಾ, ಕೋಪಾನಾ?”

“ಇಲ್ಲ.”

“ಮತ್ತೆ?”

“ಹೆದರಿಕೆ.”

“ಯಾರನ್ನ ಕಂಡು?”

“ಅದೇ ಇನ್ನೂ ಗೊತ್ತಾಗ್ತಿಲ್ಲ.”

ಅವಳು ಯೋಚಿಸಿದಳು. “ನನಗೂ,” ಎಂದಳು. ಆಮೇಲೆ ಮೆಲ್ಲಗೆ ಹೇಳತೊಡಗಿದಳು. ಯಾವಾಗ ಗೊತ್ತಾಯಿತು, ಎಷ್ಟು ಅತ್ತಳು, ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಮ್ಮನಿಗೆ ಹೇಗೆ ಹೇಳಿದಳು, ಅಮ್ಮ ಏನಂದಳು. ನಡುವೆ ನಿಂತಳು. ಮೇಷ್ಟ್ರು ಬಾಯಿ ತೆರೆದರು. ಅವಳು ಅವರ ಕಡೆ ನೋಡದೆ ಒಂದು ಬೆರಳೆತ್ತಿದಳು.

“ಇನ್ನೂ ಮುಗಿದಿಲ್ಲ ಅಪ್ಪಾ.”

ಮೇಷ್ಟ್ರು ಬಾಯಿ ಮುಚ್ಚಿದರು.

ಮನೆಯ ಗೇಟು ಬಂತು. ಒಳಗೆ ದೀಪ ಉರಿಯುತ್ತಿತ್ತು, ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಗುಬ್ಬಿ ಯಾವುದೋ ಮಾತಿನ ನಡುವಿನಲ್ಲಿದ್ದಳು. ಮೇಷ್ಟ್ರು ಹೆಂಡತಿಗೆ ದೂರದಿಂದಲೇ ಕೈಸನ್ನೆ ಮಾಡಿ, ಗೇಟಿನೊಳಗೆ ಹೋಗದೆ, ಮಗಳ ಜೊತೆ ರಸ್ತೆಯಲ್ಲೇ ಮುಂದಕ್ಕೆ ನಡೆದರು.